ಕಡ್ಲಿ ಹುಳಿ

ನಮ್ಮ ಮನೆಯಲ್ಲಿ ಕಡಲೆ ಪಲ್ಲೆಯನ್ನು ತೊಳೆಯುತ್ತಿರಲಿಲ್ಲ. ಮೆಂತೆ, ರಾಜಗಿರಿ, ಪಾಲಕ, ಯಾವ ಸೊಪ್ಪು ಬಂದರೂ ಅವ್ವ ಅದನ್ನು ನಳದ ಕೆಳಗೆ ಹಿಡಿದು ಮಣ್ಣು ಹೋಗುವ ತನಕ ಜಾಲಾಡಿಸುತ್ತಿದ್ದಳು. ಎಳೆ ಕಡಲೆಯ ಕುಡಿ ಬಂದಾಗ ಮಾತ್ರ ಮೊರದಲ್ಲಿ ಹರಡಿ, ಕಸ ಆರಿಸಿ, ಹಾಗೆಯೇ ಒಗ್ಗರಣೆಗೆ ಹಾಕುತ್ತಿದ್ದಳು. ಆ ಪಲ್ಲೆಯ ರುಚಿಯೆಲ್ಲ ಎಲೆಯ ಮೇಲಿನ ಹುಳಿಯಲ್ಲಿದೆ, ತೊಳೆದರೆ ಅದು ನೀರಿನ ಜೊತೆ ಹೋಗಿಬಿಡುತ್ತದೆ, ಆಮೇಲೆ ಉಳಿಯುವುದು ಹುಲ್ಲು. ಬೆಳಗಾವಿಯ ಅನಗೋಳದ ನಮ್ಮ ಓಣಿಗೆ ಬಾಡಿಗೆಗೆ ಬಂದಿದ್ದ ಮೈಸೂರು ಕಡೆಯ ಮಾಸ್ತರರ ಹೆಂಡತಿ ಒಮ್ಮೆ ಅದನ್ನು ಚೆನ್ನಾಗಿ ತೊಳೆದು ಮಾಡಿ, ‘ಇದ್ರಲ್ಲಿ ಅಂಥದ್ದೇನಿದೆ, ರುಚಿಯೇ ಇಲ್ಲವಲ್ಲ’ ಎಂದಿದ್ದರು. ಅವ್ವ ಒಳಗೆ ಬಂದು ಸೆರಗು ಬಾಯಿಗೆ ಹಿಡಿದು ನಕ್ಕಳು, ಮುಂದೆ ಸುಮಾರು ದಿನ ಅದೇ ಮಾತು ಆಡಿಕೊಂಡು ನಕ್ಕಳು.

ಪಲ್ಲೆ ಬರುತ್ತಿದ್ದದ್ದು ಖಾನಾಪುರದಿಂದ, ಅತ್ತೆಯ ಹೊಲದಿಂದ. ಅತ್ತೆ ಅಂದರೆ ನನ್ನ ಅಪ್ಪನ ತಂಗಿ. ಗಂಡ ಬೇಗ ಹೋದ, ಮಕ್ಕಳಿರಲಿಲ್ಲ, ಊರಾಚೆ ಒಂದು ತುಂಡು ಕಪ್ಪು ಭೂಮಿ ಇತ್ತು. ನನ್ನ ಅಣ್ಣ ಹೈಸ್ಕೂಲು ಮುಗಿಸಿದವನು ರಜೆಗೆಂದು ಅವಳ ಮನೆಗೆ ಹೋಗಿ ಅಲ್ಲೇ ಉಳಿದುಬಿಟ್ಟ. ಹಗಲು ಹಂಚಿನ ಕಾರ್ಖಾನೆಯ ಕೆಲಸ, ಉಳಿದ ಹೊತ್ತು ಹೊಲ. ಅವನ ಮದುವೆಯ ಮಾತೆತ್ತಿದವರನ್ನು ಅತ್ತೆ ಮತ್ತು ಅಣ್ಣ ಸೇರಿಯೇ ಚೇಷ್ಟೆ ಮಾಡಿ ಓಡಿಸುತ್ತಿದ್ದರು. ಅವನನ್ನು ಹೆತ್ತವಳು ಅವ್ವ, ಆದರೆ ಅವನಿಗೆ ಜ್ವರ ಬಂದರೆ ಬಾಯಲ್ಲಿ ಬರುತ್ತಿದ್ದದ್ದು ಅತ್ತೆಯ ಹೆಸರು. ಅವ್ವನಿಗೆ ಇದು ಬೇಜಾರೇ ಆಗುತ್ತಿತ್ತು, ಆದರೆ ನಾದಿನಿಯ ಮೇಲೆ ಸಿಟ್ಟು ಹಿಡಿದು ಕೂರುವುದು ಅವಳಿಗೆ ಬರುತ್ತಿರಲಿಲ್ಲ.

ಚಳಿ ಚೆನ್ನಾಗಿ ಬಿದ್ದಮೇಲೆ ಅತ್ತೆಯ ನಿಜವಾದ ಕೆಲಸ ಶುರುವಾಗುತ್ತಿತ್ತು. ಭತ್ತ ಕೊಯ್ದ ನೆಲದ ಹಸಿಯಲ್ಲೇ ಬಿತ್ತಿದ ಕಡಲೆ ಆಗ ಮೊಳಕಾಲುದ್ದ ಬಂದಿರುತ್ತದೆ. ಕಡಲೆಯ ಎಲೆ, ಕಾಯಿ, ಎಲ್ಲದರ ಮೇಲೂ ಕಣ್ಣಿಗೆ ಕಂಡೂ ಕಾಣದ ರೋಮಗಳಿರುತ್ತವೆ, ಪ್ರತಿ ರೋಮದ ತುದಿಗೆ ಒಂದು ಹುಳಿಯ ಹನಿ. ನಸುಕಿನಲ್ಲಿ ಬರಿಗಾಲಿನಲ್ಲಿ ಹೊಲಕ್ಕೆ ಇಳಿದರೆ ಒಡೆದ ಹಿಮ್ಮಡಿ ಉರಿಯುತ್ತದೆ. ಅತ್ತೆ ಸಂಜೆ ಹೊಲಕ್ಕೆ ಹೋಗಿ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ ಬರುತ್ತಿದ್ದಳು. ರಾತ್ರಿಯ ಇಬ್ಬನಿ ಹುಳಿಯನ್ನು ಕರಗಿಸಿ ಬಟ್ಟೆಗೆ ಇಳಿಸುತ್ತಿತ್ತು. ಬೆಳಗಾಗುವ ಮೊದಲೇ ಹೋಗಿ ಅದನ್ನು ಸ್ಟೀಲಿನ ಪಾತ್ರೆಯಲ್ಲಿ ಹಿಂಡಿ, ಸೋಸಿ, ಗಾಜಿನ ಬಾಟಲಿಗೆ ತುಂಬುತ್ತಿದ್ದಳು. ಅದೇ ಕಡ್ಲಿ ಹುಳಿ. ಹೊಟ್ಟೆ ಉಬ್ಬರಕ್ಕೆ, ಅಜೀರ್ಣಕ್ಕೆ ಒಂದು ಚಮಚ ನೀರಲ್ಲಿ ಬೆರೆಸಿ, ಚಿಟಿಕೆ ಉಪ್ಪು ಹಾಕಿ ಕುಡಿಯುವುದು. ಅವ್ವನ ಹೊಟ್ಟೆಯ ತಕರಾರು ನನ್ನ ವಯಸ್ಸಿನಷ್ಟೇ ಹಳೆಯದು, ಹಾಗಾಗಿ ಆ ಹುಳಿಯ ಮೊದಲ ಬಾಟಲಿ ಪ್ರತಿ ವರ್ಷ ಅವಳಿಗೇ.

ಬಟ್ಟೆ ತರುವುದು ನನ್ನ ಪಾಲಿನ ಕೆಲಸ. ನಾನು ವಡಗಾವಿಯ ಕಡೆ ಒಂದು ಸಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಅಲ್ಲಿ ಓಣಿಗೊಂದಿಷ್ಟು ಮಗ್ಗ. ಗಂಜಿ ಹಾಕದ ಬಿಳಿ ಬಟ್ಟೆಯನ್ನು ಹೇಳಿ ತೆಗೆದಿಡಿಸಿ ಪ್ರತಿ ವರ್ಷ ಕಳಿಸುತ್ತಿದ್ದೆ. ಗಂಜಿ ಇದ್ದರೆ ಹುಳಿ ಕೆಡುತ್ತದೆಂದು ಅತ್ತೆಯ ಕಟ್ಟಪ್ಪಣೆ. ಬಟ್ಟೆ ಸಿಕ್ಕೊಡನೆ ಅದರ ಮೂಲೆಯನ್ನು ನಾಲಿಗೆಗೆ ಹಚ್ಚಿ ನೋಡುತ್ತಿದ್ದಳು. ‘ನನ್ನ ಮ್ಯಾಲ ನಂಬಿಗಿ ಇಲ್ಲೇನತ್ತಿ?’ ಅಂದರೆ, ‘ನಿನ್ನ ಮ್ಯಾಲ ಐತಿ, ಮಗ್ಗದವನ ಮ್ಯಾಲಿಲ್ಲ’ ಅನ್ನುತ್ತಿದ್ದಳು.

ಇನ್ನೊಂದು ಕಟ್ಟಳೆಯೂ ಇತ್ತು. ಹುಳಿ ಹಿಂಡಿದ ಕೈಯೇ ಮೊದಲು ಕುಡಿಯಬೇಕು. ಹೊಲದ ಬದುವಿನ ಮೇಲೆ ನಿಂತು ಅತ್ತೆ ಒಂದು ಸಣ್ಣ ಬಟ್ಟಲು ತುಂಬಿ ಗಟಗಟ ಕುಡಿದು, ಮುಖ ಕಿವಿಚಿ, ಆಮೇಲೆ ಬಾಟಲಿಯ ಬಾಯಿ ಮುಚ್ಚುತ್ತಿದ್ದಳು. ಅವಳ ಗಂಡನ ತಾಯಿಯೂ ಹಾಗೇ ಮಾಡುತ್ತಿದ್ದಳಂತೆ. ಔಷಧಿ ಅಂತ ಮಂದಿಗೆ ಕೊಡುವುದನ್ನು ತಾನು ಕುಡಿಯದೆ ಕೊಡಬಾರದು. ಅಣ್ಣನಿಗೆ ಹುಳಿಯಂದರೆ ಹಲ್ಲು ಜುಂ ಅನ್ನುತ್ತಿತ್ತು, ಅವನು ದೂರವೇ ನಿಲ್ಲುತ್ತಿದ್ದ.

ಈ ಹುಳಿಯನ್ನು ಗಿಡ ತನಗಾಗಿ ಮಾಡಿಕೊಂಡದ್ದು, ನಮಗಾಗಿ ಅಲ್ಲ. ನಮ್ಮ ಸಾಲೆಯ ವಿಜ್ಞಾನ ಕಲಿಸುವ ಬಾಯಿಯವರು ಒಮ್ಮೆ ಬಿಡಿಸಿ ಹೇಳಿದರು. ಎಲೆಯ ಮೇಲೆ ಆಮ್ಲ ಇದ್ದರೆ ಎಷ್ಟೋ ಹುಳಗಳಿಗೆ ಅದು ಸೇರುವುದಿಲ್ಲ, ತಿಂದರೂ ಮೈಗೆ ಹತ್ತುವುದಿಲ್ಲ. ಆದರೆ ಕಾಯಿ ಕೊರೆಯುವ ಹಸಿರು ಹುಳ ಮಹಾ ಭಂಡ. ಹುಳಿಗೂ ಅಂಜದೆ ಕಾಯಿಗೆ ತೂತು ಹಾಕಿ, ತಲೆ ಒಳಗೆ ತೂರಿಸಿ, ಅರ್ಧ ಮೈ ಹೊರಗೆ ಬಿಟ್ಟುಕೊಂಡು ಆರಾಮಾಗಿ ತಿನ್ನುತ್ತದೆ. ಅದಕ್ಕೆ ಅತ್ತೆಯ ಹತ್ತಿರ ಬೇವು ಇತ್ತು. ಬೇಸಿಗೆ ಮುಗಿಯುವಾಗ ಉದುರಿದ ಬೇವಿನ ಹಣ್ಣು ಆರಿಸಿ, ಸಿಪ್ಪೆ ಸುಲಿದು, ಬೀಜ ಒಣಗಿಸಿ ಇಡುವುದು. ಕಡಲೆಗೆ ಕಾಯಿ ಹಿಡಿಯುವಾಗ ಅದನ್ನು ಒರಳಲ್ಲಿ ಕುಟ್ಟಿ, ಅರಿವೆಯಲ್ಲಿ ಗಂಟು ಕಟ್ಟಿ ರಾತ್ರಿಯೆಲ್ಲ ನೀರಲ್ಲಿ ನೆನೆಸಿ, ಹಾಲಿನಂಥ ನೀರು ಬರುವ ತನಕ ಹಿಸುಕಿ, ಸೋಸಿ, ಪಂಪಿನಲ್ಲಿ ತುಂಬಿ ಹೊಡೆಯುವುದು. ಆಮೇಲೆ ಒಂದಿಷ್ಟು ದಿನ ಬಿಟ್ಟು ಹುಳಿಗೆ ಬಟ್ಟೆ ಹಾಸುವುದು. ಬಟ್ಟೆಯಲ್ಲಿ ಕೊಂಚ ಕಹಿ ಬಂದರೂ ಅವಳು ಅದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಬೇವು ಹೊಟ್ಟೆಗೆ ಒಳ್ಳೆಯದೇ.

ನಾನು ಸಣ್ಣವಳಿದ್ದಾಗ ಬೇವು ಹೊಡೆದ ಮರುದಿನ ಅವಳ ಹಿಂದೆ ಹೊಲಕ್ಕೆ ಹೋಗಿದ್ದೆ. ಹುಳಗಳೆಲ್ಲ ಸತ್ತು ಬಿದ್ದಿರುತ್ತವೆ ಎಂದುಕೊಂಡು ಹೋದರೆ ಒಂದೂ ಸತ್ತಿರಲಿಲ್ಲ. ಗಿಡದ ಮೇಲೇ ಇದ್ದವು. ಒಂದು ಹುಳವನ್ನು ನೋಡುತ್ತ ಕುಕ್ಕರಗಾಲಲ್ಲಿ ಕುಳಿತೆ. ಅದು ಎಲೆಯ ಹತ್ತಿರ ಬಾಯಿ ತರುತ್ತಿತ್ತು, ಮುಟ್ಟುತ್ತಿತ್ತು, ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ಪಕ್ಕದ ಎಲೆಗೆ ಹೋಗಿ ಮತ್ತೆ ಹಾಗೇ ಮಾಡಿತು. ಇನ್ನೊಂದು ಎಲೆಗೆ ಹೋಯಿತು.

‘ಇದು ಯಾಕ ಸತ್ತಿಲ್ಲತ್ತಿ?’ ಎಂದು ಕೇಳಿದೆ.

‘ಬೇವು ಹುಳ ಕೊಲ್ಲಂಗಿಲ್ಲ ತಂಗಿ. ಬಾಯಿ ಕಟ್ಟತೈತಿ. ಮುಂದ ಇಟಗೊಂಡು ಕುಂತಿರತೈತಿ, ತಿನ್ನಾಕ ಆಗಂಗಿಲ್ಲ. ಹಂಗ ಸಣ್ಣಾಗಿ ಸಣ್ಣಾಗಿ ಹೋಗತೈತಿ.’

ಸುತ್ತ ಹಸಿರು, ನಡುವೆ ಅದು ಹಸಿದು ಸಾಯಬೇಕು. ಇದಕ್ಕಿಂತ ಕಾಲಲ್ಲಿ ತುಳಿದು ಕೊಂದರೆ ವಾಸಿ ಎಂದೆ. ಅತ್ತೆ ನಕ್ಕು, ‘ಬಾಜೂದ ಹೊಲಕ್ಕ ಹೋಗಲಿ, ಯಾರ ಬ್ಯಾಡ ಅಂದಾರ?’ ಎಂದಳು. ಆ ಹುಳ ಎಲೆಯಿಂದ ಎಲೆಗೆ ಹೋಗುತ್ತಿದ್ದ ರೀತಿಯನ್ನು ನಾನು ಮರೆಯಲೇ ಇಲ್ಲ.

ಬಾಜೂದ ಹೊಲದವರೆಲ್ಲ ಬಹಳ ಹಿಂದೆಯೇ ‘ಎಣ್ಣಿ’ ಹೊಡೆಯಲು ಶುರು ಮಾಡಿದ್ದರು. ನಮ್ಮ ಕಡೆ ಅಂಗಡಿಯ ಕೀಟನಾಶಕಕ್ಕೆ ಎಣ್ಣಿ ಅನ್ನುತ್ತಾರೆ. ಯಾರಾದರೂ ಜೀವ ಕಳೆದುಕೊಂಡರೆ ‘ಎಣ್ಣಿ ಕುಡದ’ ಅನ್ನುವುದೂ ಅದೇ ಎಣ್ಣಿಯನ್ನೇ. ಅತ್ತೆಯ ಹೊಲಕ್ಕೆ ಮಾತ್ರ ಅದು ಬರಲಿಲ್ಲ. ಕುಡಿಯುವ ವಸ್ತು ಬೆಳೆಯುವ ಹೊಲಕ್ಕೆ ವಿಷ ಹಾಕಲಿಕ್ಕೆ ತನಗೇನು ತಲೆ ಕೆಟ್ಟಿದೆಯೇ ಎನ್ನುತ್ತಿದ್ದಳು. ಆದರೆ ವಯಸ್ಸಾದಂತೆ ಅವಳ ಮಣಿಕಟ್ಟುಗಳು ಬಾತುಕೊಂಡವು. ಒನಕೆ ಹಿಡಿಯಲಾಗದು, ನೆನೆದ ಗಂಟು ಹಿಸುಕಲಾಗದು. ತೆಳು ಬಟ್ಟೆ ಹಿಂಡುವುದು ಮಾತ್ರ ಹೇಗೋ ಆಗುತ್ತಿತ್ತು. ಅಣ್ಣನಿಗೆ ಕಾರ್ಖಾನೆ ಬಿಟ್ಟು ಬರುವ ಹೊತ್ತಿಗೆ ಕತ್ತಲಾಗುತ್ತಿತ್ತು. ಹೋದ ವರ್ಷಕ್ಕಿಂತ ಹಿಂದಿನ ಚಳಿಗಾಲದಲ್ಲಿ ಹುಳದ ಕಾಟ ಹೆಚ್ಚಾಗಿ ಅರ್ಧ ಕಾಯಿ ತೂತು ಬಿದ್ದಿದ್ದವು. ಆಗ ಅಣ್ಣ ಪೇಟೆಯಿಂದ ಒಂದು ಬಾಟಲಿ ತಂದ.

ಆ ಬಾಟಲಿಯನ್ನು ನಾನು ಆಮೇಲೆ ಸಾಕಷ್ಟು ಸಲ ನೋಡಿದ್ದೇನೆ. ಮುಂದೆ ದೊಡ್ಡದಾಗಿ ಬೇವಿನ ಎಸಳು, ಕೆಳಗೆ ಚಿಗುರಿದ ಸಸಿಯನ್ನು ಹಿಡಿದ ಎರಡು ಅಂಗೈ. ಇಂಥ ಅಂಗೈಗಳ ಚಿತ್ರ ಕಂಡರೆ ಈಗ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಅಣ್ಣ ಅದನ್ನು ನೋಡಿಯೇ ತಂದ. ‘ಅತ್ತಿ, ಇದು ಎಣ್ಣಿ ಅಲ್ಲ, ಬೇವು. ನೀ ಕುಟ್ಟತಿದ್ದೆಲ್ಲ, ಅದನ್ನ ಬಾಟ್ಲ್ಯಾಗ ತುಂಬ್ಯಾರ’ ಎಂದನಂತೆ. ಅತ್ತೆ ಮುಚ್ಚಳ ತೆಗೆದು ಮೂಸಿದಳು. ಬೇವಿನ ಘಾಟು ಇತ್ತು. ಶುಕ್ರವಾರ ಸಂಜೆ ಅಣ್ಣ ಬೇಗ ಬಂದು ಹೊಡೆದ. ಬಾಟಲಿಯಲ್ಲಿರುವುದು ಬೇವೇ ಅಂದಮೇಲೆ ಎಷ್ಟಾದರೇನು ಎಂದು ಕೈ ಬಿಚ್ಚಿಯೇ ಹೊಡೆದ. ಅವ್ವನ ಹೊಟ್ಟೆ ಆ ವಾರ ತೀರಾ ಕೆಟ್ಟಿತ್ತು, ಹುಳಿ ಯಾವಾಗ ಬರುತ್ತದೆ ಎಂದು ಫೋನು ಮಾಡಿ ಕೇಳಿದ್ದಳು. ಅದಕ್ಕೇ ಅತ್ತೆ ತನ್ನ ಪದ್ಧತಿ ಬಿಟ್ಟು, ದಿನ ಕಳೆಯಲು ಕಾಯದೆ, ಶನಿವಾರ ಸಂಜೆಯೇ ಬಟ್ಟೆ ಹಾಸಿದಳು.

ಭಾನುವಾರ ಬೆಳಗ್ಗೆ ಅಣ್ಣ ಗಾಡಿಯ ಮೇಲೆ ಅನಗೋಳಕ್ಕೆ ಬಂದ. ಒಂದು ಚೀಲದಲ್ಲಿ ಕಡಲೆಯ ಕುಡಿ, ಇನ್ನೊಂದರಲ್ಲಿ ಹುಳಿಯ ಬಾಟಲಿ. ಅವ್ವನಿಗೆ ಮೊದಲ ಚಮಚ ಅವನೇ ಕೊಟ್ಟು ಬರಬೇಕೆಂದು ಅತ್ತೆ ಹೇಳಿ ಕಳಿಸಿದ್ದಳು. ಅವ್ವ ಲೋಟದಲ್ಲಿ ನೀರು ತಂದು, ಉಪ್ಪಿನ ಡಬ್ಬಿ ತೆಗೆದು, ಚಮಚದಲ್ಲಿ ಹುಳಿ ಸುರಿದುಕೊಳ್ಳುತ್ತಿದ್ದಳು. ನಾನು ಪಲ್ಲೆಯನ್ನು ಮೊರಕ್ಕೆ ಹಾಕುತ್ತಿದ್ದೆ. ಆಗ ಅಣ್ಣನಿಗೆ ಫೋನು ಬಂತು. ಅತ್ತೆಯ ಪಕ್ಕದ ಮನೆಯ ಹೆಂಗಸು. ಕನ್ನಡ ಮರಾಠಿ ಎರಡೂ ಕಲಸಿ ಮಾತಾಡುವವಳು, ಗಾಬರಿಗೆ ಬರೀ ಮರಾಠಿಯಲ್ಲಿ ‘ಲವಕರ ಯಾ, ಲವಕರ ಯಾ’ ಎಂದು ಚೀರುತ್ತಿದ್ದದ್ದು ನನಗೂ ಕೇಳಿಸಿತು. ಬೇಗ ಬನ್ನಿ, ಬೇಗ ಬನ್ನಿ. ಅತ್ತೆ ಅಂಗಳದಲ್ಲಿ ಬಿದ್ದಿದ್ದಾಳೆ, ವಾಂತಿ ಮಾಡುತ್ತಿದ್ದಾಳೆ, ಮೈಯೆಲ್ಲ ಬೆವರು.

ಅಣ್ಣ ಕೇಳಿದ್ದು ಒಂದೇ. ‘ಬಾಯಾಗಿಂದ ಜೊಲ್ಲ ಬರಾಕತ್ತೈತೇನು?’

ಉತ್ತರ ಏನು ಬಂತೋ ನನಗೆ ಕೇಳಿಸಲಿಲ್ಲ. ಅವನ ಮುಖ ನೋಡಿದೆ. ಎಣ್ಣಿ ಹೊಡೆಯುವ ಊರಲ್ಲಿ ಬದುಕಿದವನಿಗೆ ಅದು ಯಾವುದರ ಗುರುತು ಎಂದು ಯಾರೂ ಹೇಳಿಕೊಡಬೇಕಿಲ್ಲ. ಅವನು ಅವ್ವನ ಕಡೆ ತಿರುಗಿ, ಬಹಳ ಮೆಲ್ಲಗೆ, ಮಲಗಿದ ಕೂಸಿನ ಹತ್ತಿರ ಮಾತಾಡಿದಂತೆ ಹೇಳಿದ.

‘ಅವ್ವಾ, ಚಮಚಾ ಕೆಳಗ ಇಡು.’

‘ಯಾಕೋ?’

‘ಇಡು ಅವ್ವಾ.’

ಅವ್ವ ಇಟ್ಟಳು. ಚಮಚ ತುಂಬಿತ್ತು, ಒಂದಿಷ್ಟು ಕಟ್ಟೆಯ ಮೇಲೆ ಚೆಲ್ಲಿತು. ಅವನು ಹೋದಮೇಲೆ ನಾನು ಬಾಟಲಿಯನ್ನು ಮೇಲೆ ಎತ್ತಿಟ್ಟು, ಪಲ್ಲೆಯನ್ನು ಹೊರಗೆ ಒಯ್ದೆ. ಓಣಿಯ ಆಕಳು ಬಾಗಿಲಲ್ಲೇ ನಿಂತಿತ್ತು. ಅದಕ್ಕೂ ಹಾಕುವಂತಿರಲಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿ ಮುಚ್ಚಿದೆ.

ಖಾನಾಪುರದಲ್ಲಿ ಮೊದಲ ಚಿಕಿತ್ಸೆ ಕೊಟ್ಟು ಅತ್ತೆಯನ್ನು ಬೆಳಗಾವಿಗೆ ತಂದರು. ನಾನು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅಣ್ಣ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಒಬ್ಬ ಸಣ್ಣ ವಯಸ್ಸಿನ ಡಾಕ್ಟರು ಬಂದು ಕೇಳಿದರು. ‘ಯಾವ ಎಣ್ಣಿ ಕುಡದಾರ್ರೀ? ಬಾಟ್ಲಿ ತಂದೀರೇನು? ಮನ್ಯಾಗ ಏನರ ಜಗಳಾ ಆಗಿತ್ತೇನು?’ ಅವರ ತಪ್ಪೇನಿಲ್ಲ. ಅವರ ಮುಂದೆ ದಿನಾ ಅಂಥವರೇ ಬರುತ್ತಾರೆ. ನಾನು ಕಡಲೆ, ಬಟ್ಟೆ, ಇಬ್ಬನಿ ಎಂದು ಹೇಳತೊಡಗಿದೆ. ಹೇಳುತ್ತಿರುವಾಗಲೇ ನನ್ನ ಕಿವಿಗೇ ಅದು ಕಟ್ಟುಕಥೆಯ ಹಾಗೆ ಕೇಳಿತು. ಡಾಕ್ಟರು ಸುಮ್ಮನೆ ತಲೆಯಾಡಿಸಿ, ಏನಿದ್ದರೂ ಬಾಟಲಿ ತನ್ನಿ ಎಂದರು.

ಅತ್ತೆ ಉಳಿದಳು. ಎಚ್ಚರ ಬಂದಮೇಲೆ ಅವಳು ಕೇಳಿದ ಮೊದಲ ಮಾತು, ‘ವೈನಿ ಕುಡದ್ಳೇನು?’ ಅವ್ವ ಕುಡಿದಿಲ್ಲ ಎಂದೆ. ಕಣ್ಣು ಮುಚ್ಚಿಕೊಂಡಳು. ಎರಡನೆಯ ಮಾತನ್ನು ಅವಳು ವಾರ್ಡಿನಲ್ಲಿ ಬಂದವರಿಗೆಲ್ಲ, ದಾದಿಯರಿಗೆ, ಕಸ ಹೊಡೆಯುವವರಿಗೆ, ವಿಚಾರಿಸಲು ಬಂದ ಪೊಲೀಸಿನವನಿಗೆ, ಹೇಳಿದ್ದೇ ಹೇಳಿದಳು. ‘ನಾ ಎಣ್ಣಿ ಕುಡದಿಲ್ರೀ, ಹುಳಿ ಕುಡದೀನಿ.’ ಅವರೆಲ್ಲ ಆಯ್ತವ್ವಾ ಎಂದು ಹೇಳಿ ಹೋಗುತ್ತಿದ್ದರು. ಒಬ್ಬರೂ ನಂಬಲಿಲ್ಲ. ಊರಲ್ಲಿಯೂ ಮಾತು ಹುಟ್ಟಿತು. ಗಂಡನಿಲ್ಲದ ಮುದುಕಿ, ಹೊಲ ಬರೆದುಕೊಡು ಎಂದು ಸೋದರಳಿಯ ಕಾಡಿರಬೇಕು, ಅದಕ್ಕೇ ಎಣ್ಣಿ ಕುಡಿದಳು. ಹೀಗೆ ಆಡಿದವರಲ್ಲಿ ವರ್ಷಗಟ್ಟಲೆ ಅವಳ ಹುಳಿಯನ್ನು ಪುಕ್ಕಟೆ ಕುಡಿದವರೂ ಇದ್ದರು. ಅವರ ನಾಲಿಗೆಗೆ ಹುಳ ಬೀಳಲಿ ಎಂದು ನಾನು ಬಾಯಿ ಬಿಟ್ಟು ಶಪಿಸಿದ್ದೇನೆ, ಈಗಲೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ನಾನು, ಅಣ್ಣ ಇಬ್ಬರೂ ಆ ಅಂಗಡಿಗೆ ಹೋದೆವು. ಅಂಗಡಿಯವನು ಗಾಬರಿಯಾಗಲೂ ಇಲ್ಲ, ಜಗಳಕ್ಕೂ ಬರಲಿಲ್ಲ. ‘ಕುಂದರ್ರಿ ಬಾಯಾರ’ ಎಂದು ಸ್ಟೂಲು ಸರಿಸಿದ. ನಾನು ಕೂರಲಿಲ್ಲ. ಬೇವು ಅಂತ ಹೇಳಿ ಏನು ಮಾರಿದಿರಿ ಎಂದು ಕೇಳಿದೆ.

‘ಬೇವು ಐತ್ರಿ ಅದರಾಗ. ಖರೇ ಹೇಳತೀನಿ, ಬೇವೂ ಐತಿ. ಬರೇ ಬೇವು ಇದ್ರ ಯಾರ ಒಯ್ತಾರ್ರೀ? ಸಂಜೀಕ ಹೊಡದ್ರ ಮುಂಜಾನಿ ಹುಳಾ ಉದುರಿ ಬಿದ್ದಿರಬೇಕು ಅಂತಾರ. ಬೀಳಲಿಲ್ಲಂದ್ರ ಬಾಟ್ಲಿ ತಂದು ನನ್ನ ಮುಖದ ಮ್ಯಾಲ ಒಗೀತಾರ. ಅದಕ್ಕ ತಯಾರ ಮಾಡಾವ್ರು ಏನರ ಒಂದೀಟ ಕೂಡಿಸಿರತಾರ. ನಿಮ್ಮವರೂ ಬರುವಾಗ ಇದನ್ನ ಕೇಳ್ಯಾರ, ಬೀಳತಾವೇನು ಅಂತ.’

ನಾನು ಅಣ್ಣನ ಕಡೆ ನೋಡಿದೆ. ಅವನು ಅಂಗಡಿಯ ಕಪಾಟು ನೋಡುತ್ತಿದ್ದ. ಅಲ್ಲಿ ಬೇವಿನ ಎಸಳಿನ ಬಾಟಲಿಗಳು ಸಾಲಾಗಿ ನಿಂತಿದ್ದವು. ತಯಾರಿಸಿದವರ ವಿಳಾಸಕ್ಕೆ ಫೋನು ಹಚ್ಚಿದರೆ ಯಾರೂ ಎತ್ತಲಿಲ್ಲ. ದೂರು ಕೊಟ್ಟೆವು. ಬಾಟಲಿಯನ್ನು ಪರೀಕ್ಷೆಗೆಂದು ಇಟ್ಟುಕೊಂಡರು, ಮುಂದೇನಾಯಿತೋ ಇವತ್ತಿನವರೆಗೆ ಗೊತ್ತಾಗಿಲ್ಲ. ಅಣ್ಣನ ಮೇಲೆ ನನಗೆ ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂತು. ಆದರೆ ಅವನು ಅಂಗಡಿಯಿಂದ ಹೊರಗೆ ಬಂದು ಗಾಡಿಯ ಕೀಲಿ ಯಾವ ಜೇಬಿನಲ್ಲಿದೆ ಎಂದು ತಿಳಿಯದೆ ಹುಡುಕುತ್ತ ನಿಂತದ್ದನ್ನು ನೋಡಿದಮೇಲೆ ಬಯ್ಯಲು ಆಗಲಿಲ್ಲ.

ಆಸ್ಪತ್ರೆಯಿಂದ ಅತ್ತೆಯನ್ನು ಅನಗೋಳದ ನಮ್ಮ ಮನೆಗೇ ಕರೆತಂದೆವು. ವಿಷ ಮೈಯಿಂದ ಹೋಗಿದೆ, ಇನ್ನು ಚೆನ್ನಾಗಿ ತಿನ್ನಿಸಿ ಎಂದರು ಡಾಕ್ಟರು. ಅವಳು ಉಳಿಯುವುದು ಬಿಡುವುದು ಈಗ ಅನ್ನದ ಮೇಲೆ ನಿಂತಿತು. ಅವ್ವ ಅಡುಗೆಮನೆಯಲ್ಲಿ ನಿಂತೇ ದಿನ ಕಳೆದಳು. ನುಚ್ಚು ಮಜ್ಜಿಗೆ, ರವೆ ಗಂಜಿ, ಮೆತ್ತಗೆ ಬೇಯಿಸಿದ ಅನ್ನಕ್ಕೆ ತುಪ್ಪ, ಹೆಸರುಬೇಳೆ ಕಟ್ಟು. ಅತ್ತೆ ತಾಟಿನ ಮುಂದೆ ಕೂರುತ್ತಿದ್ದಳು. ತುತ್ತು ಕಲಸುತ್ತಿದ್ದಳು. ಬಾಯಿಯ ತನಕ ಒಯ್ದು, ತುಟಿಗೆ ಮುಟ್ಟಿಸಿ, ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ‘ವಾಸನಿ ಬರತೈತಿ ವೈನಿ.’ ಯಾವ ವಾಸನೆ ಎಂದರೆ ಹೇಳಲು ಬರುತ್ತಿರಲಿಲ್ಲ. ಹಾಲಿನಲ್ಲಿ ಬರುತ್ತಿತ್ತು, ಎಳನೀರಿನಲ್ಲಿ ಬರುತ್ತಿತ್ತು, ಬರೀ ನೀರಿನಲ್ಲೂ ಬರುತ್ತಿತ್ತು. ಅವ್ವ ತಾಟು ತೆಗೆದು ಇನ್ನೊಂದು ತಂದಿಡುವಳು. ಅತ್ತೆ ಅದಕ್ಕೂ ಬಾಯಿ ತಂದು ಹಿಂದಕ್ಕೆ ಎಳೆದುಕೊಳ್ಳುವಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಅದನ್ನು ಹಿಂದೆ ಎಲ್ಲಿ ನೋಡಿದ್ದೆನೆಂದು ನೆನಪಾಯಿತು. ಅಲ್ಲಿ ನಿಲ್ಲಲಾಗಲಿಲ್ಲ, ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಅಣ್ಣ ದಿನಾ ಕಾರ್ಖಾನೆ ಬಿಟ್ಟು ಖಾನಾಪುರದಿಂದ ಬರುತ್ತಿದ್ದ. ಕೈಕಾಲು ತೊಳೆದು ನೇರ ಅವಳೆದುರು ಕೂತು, ಅವಳ ತಾಟಿನಿಂದ ಒಂದು ತುತ್ತು ತೆಗೆದು ತಾನು ಮೊದಲು ತಿನ್ನುತ್ತಿದ್ದ. ನುಂಗಿ, ಬಾಯಿ ತೆರೆದು ತೋರಿಸುತ್ತಿದ್ದ. ‘ನೋಡತ್ತಿ, ಏನೂ ಆಗಿಲ್ಲ.’ ಆಗ ಅವಳು ಅವನಿಗಾಗಿ ಕಷ್ಟಪಟ್ಟು ಒಂದು ತುತ್ತು ನುಂಗುತ್ತಿದ್ದಳು. ಅವನು ಇನ್ನೊಂದು ತಿನ್ನುತ್ತಿದ್ದ, ಅವಳು ಇನ್ನೊಂದು. ಅದಕ್ಕಿಂತ ಹೆಚ್ಚು ಹೋಗುತ್ತಿರಲಿಲ್ಲ. ಅವನು ಹೋದಮೇಲೆ ಎಷ್ಟೋ ಸಲ ಅದೂ ಹೊರಗೆ ಬರುತ್ತಿತ್ತು, ಅವ್ವ ಒರೆಸಿ ತೆಗೆಯುತ್ತಿದ್ದಳು. ಅಣ್ಣನಿಗೆ ಹೇಳಲಿಲ್ಲ.

ಡಾಕ್ಟರು ಮತ್ತೆ ಎಲ್ಲ ಪರೀಕ್ಷೆ ಮಾಡಿಸಿದರು. ಗಂಟಲು ಸರಿ, ಹೊಟ್ಟೆ ಸರಿ. ಮನಸ್ಸಿನ ಡಾಕ್ಟರಿಗೂ ತೋರಿಸಿದೆವು. ಅವರ ಗುಳಿಗೆಗೆ ಅವಳು ನಿದ್ದೆ ಮಾಡಿದಳು, ಉಣ್ಣಲಿಲ್ಲ. ನಳಿಕೆಯಲ್ಲಿ ಹಾಕಿಸಿದೆವು, ಒಂದಿಷ್ಟು ದಿನ ಅದು ನಡೆಯಿತು, ನಂತರ ಸೋಂಕಾಗಿ ತೆಗೆಯಬೇಕಾಯಿತು. ದೊಡ್ಡ ಮೈಯ ಹೆಂಗಸು ಹಾಸಿಗೆಯಲ್ಲಿ ಇದ್ದಾಳೋ ಇಲ್ಲವೋ ಅನ್ನುವಷ್ಟು ಸಣ್ಣಗಾದಳು. ಬಳೆಗಳು ಜಾರಿ ಬೀಳುತ್ತವೆಂದು ಅವ್ವ ತೆಗೆದಿಟ್ಟಳು.

ಒಂದು ಮಧ್ಯಾಹ್ನ ನಾನು ಅವಳ ತಲೆ ಬಾಚುತ್ತಿದ್ದೆ. ಅವಳೇ ಮಾತು ತೆಗೆದಳು.

‘ಶನಿವಾರ ಸಂಜೀಕ ಬಟ್ಟಿ ಹಾಸಾಕ ಹೋದಾಗ ಗಿಡದ ಬುಡಕ್ಕ ಹುಳಾ ಸತ್ತು ಬಿದ್ದಿದ್ವು. ರಗಡ ಬಿದ್ದಿದ್ವು.’

ನನ್ನ ಕೈ ನಿಂತಿತು. ‘ಮತ್ಯಾಕತ್ತಿ ಕುಡದಿ? ಬೇವಿಗೆ ಹಂಗ ಸಾಯಂಗಿಲ್ಲಂತ ನೀನ ಹೇಳಿದ್ದಿ.’

‘ಗೊತ್ತಿತ್ತು. ನೋಡಕೋತ ನಿಂತೆ. ಆದ್ರ ನಿಮ್ಮಣ್ಣ ಬೇವು ಅಂದಿದ್ದ. ಅಂವಾ ಸಣ್ಣವಿದ್ದಾಗಿಂದ ನನ್ನ ಮುಂದ ಒಂದೂ ಸುಳ್ಳ ಹೇಳಿಲ್ಲವ್ವಾ. ಅಂವನ ಮಾತಿನ ಮ್ಯಾಲ ಸತ್ತ ಹುಳದ ಮಾತ ಕೇಳಲೇನು? ಹೊಸಾ ತರದ ಬೇವು ಇರಬೇಕು ಅಂದಕೊಂಡೆ.’ ‘ಖರೇ ಹೇಳಲೇನು? ಖುಷಿ ಆತು. ಕೈ ನೋಯಲಿಲ್ಲ, ಹುಳಾ ಹೋದ್ವು ಅಂತ’ ಎಂದಳು.

ಮತ್ತೆ ಬಾಚತೊಡಗಿದೆ.

‘ಅಂವನ ಮುಂದ ಹೇಳಬ್ಯಾಡ’ ಎಂದಳು. ‘ಉಣ್ಣಬಾರದಂತ ನಾ ಹಟಾ ಹಿಡದಿಲ್ಲ, ಅಷ್ಟ ಹೇಳು. ಜೀವಾ ಬ್ಯಾಡ ಆಗೇತಿ ಅಂತ ಮಂದಿ ಅಂತಾರಂತ. ಬ್ಯಾಡ ಆಗಿಲ್ಲವ್ವಾ. ಹಸಿವಿ ಆಗತೈತಿ. ಬಾಯಿ ಕಟ್ಟೇತಿ.’

ಹಸಿವೆ ಆಗುತ್ತಿತ್ತು ಅನ್ನುವುದು ನನಗೆ ಇವತ್ತಿಗೂ ತಡೆಯಲಾಗದ ಮಾತು. ಸತ್ತ ಹುಳಗಳ ವಿಷಯವನ್ನು ನಾನು ಅಣ್ಣನಿಗೆ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ, ಆದರೆ ಅವನು ಖಾನಾಪುರದಲ್ಲಿ ಓದುವುದು ಮರಾಠಿ ಪೇಪರು ಮಾತ್ರ, ಕನ್ನಡ ಪುಸ್ತಕ ಮುಟ್ಟಿದವನಲ್ಲ.

ಬೇಸಿಗೆಯ ಬಿಸಿಲು ಏರುವ ಹೊತ್ತಿಗೆ ಅತ್ತೆ ಹೋದಳು. ಖಾನಾಪುರಕ್ಕೆ ಒಯ್ದು ಅವಳ ಹೊಲದ ಮೂಲೆಯಲ್ಲೇ ಮಣ್ಣು ಮಾಡಿದೆವು. ಬಂದವರಲ್ಲಿ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ‘ಎಣ್ಣಿ ಕುಡದಿದ್ಲಲ್ಲ, ಅಕೀನ’ ಎಂದದ್ದು ಅಣ್ಣನಿಗೂ ಕೇಳಿಸಿತು. ಅವನು ತಿರುಗಿ ನೋಡಲಿಲ್ಲ, ಮಣ್ಣು ಎಳೆಯುತ್ತಲೇ ಇದ್ದ.

ಆ ಬೇಸಿಗೆಯ ಕೊನೆಗೆ ಅವನು ದಾರಿಬದಿಯ ಬೇವಿನ ಮರಗಳ ಕೆಳಗೆ ಬಾಗಿ ಹಣ್ಣು ಆರಿಸುತ್ತಿದ್ದನೆಂದು ಅದೇ ಪಕ್ಕದ ಮನೆಯ ಹೆಂಗಸು ಹೇಳಿದಳು. ಕಾರ್ಖಾನೆಯಲ್ಲಿ ಹೇಳಿ ಕೆಲಸದ ಹೊತ್ತು ಬದಲಿಸಿಕೊಂಡ. ಕಡಲೆ ಬಿತ್ತಿದ. ಅತ್ತೆಯ ಒರಳಿನಲ್ಲಿ ಬೀಜ ಕುಟ್ಟಿ, ಗಂಟು ಕಟ್ಟಿ, ನೆನೆಸಿ, ಹಿಸುಕಿ ಹೊಡೆದ. ಅರ್ಧ ಕಾಯಿ ಹುಳದ ಪಾಲಾದವು ಎಂದು ಫೋನಿನಲ್ಲಿ ಹೇಳಿದಾಗ ಅವನ ದನಿಯಲ್ಲಿ ಒಂದು ಬಗೆಯ ಸಮಾಧಾನ ಇತ್ತು. ವಡಗಾವಿಯಲ್ಲಿ ಮಗ್ಗದವರು ಎಂದಿನಂತೆ ಬಟ್ಟೆ ತೆಗೆದಿಟ್ಟಿದ್ದರು, ಬೇಡವೆನ್ನಲಾಗದೆ ತಂದುಕೊಂಡೆ. ಅದನ್ನು ಯಾರೂ ಕೇಳಲಿಲ್ಲ, ಕಪಾಟಿನಲ್ಲಿ ಇದೆ.

ಹೋದ ಚಳಿಗಾಲದ ಒಂದು ಭಾನುವಾರ ಅಣ್ಣ ಚೀಲ ಹಿಡಿದು ಬಂದ. ಹುಳಿ ತಂದಿರಲಿಲ್ಲ. ಪಲ್ಲೆ ತಂದಿದ್ದ. ಕುಡಿಗಳು ಹೊಲದಿಂದ ಈಗಷ್ಟೇ ಬಂದಂತೆ ಅಂಟಂಟಾಗಿದ್ದವು. ಅವನ ಅಂಗೈಯಲ್ಲಿ ಒನಕೆಯ ಗುಳ್ಳೆಗಳು ಒಡೆದು ಒಣಗಿದ ಗುರುತಿತ್ತು. ಚೀಲವನ್ನು ಅವ್ವನ ಕೈಗೆ ಕೊಟ್ಟು, ‘ಬೇವು ಬಿಟ್ರ ಏನೂ ಹೊಡದಿಲ್ಲ ಅವ್ವಾ, ನಾನ ಕುಟ್ಟೀನಿ’ ಎಂದ.

‘ಗೊತ್ತೈತಿ ಮಗನ’ ಎಂದ ಅವ್ವ ಚೀಲ ತೆಗೆದುಕೊಂಡು ಒಳಗೆ ಹೋದಳು.

ನಾವಿಬ್ಬರೂ ಪಡಸಾಲೆಯಲ್ಲಿ ಕೂತಿದ್ದೆವು. ಒಳಗೆ ನಳ ಬಿಟ್ಟ ಸದ್ದು ಕೇಳಿತು. ಅಣ್ಣ ತಲೆ ಎತ್ತಿದ. ಅವ್ವ ಬೋಗುಣಿಯಲ್ಲಿ ಪಲ್ಲೆ ಹಾಕಿ ನೀರು ತುಂಬಿ ಜಾಲಾಡಿಸುತ್ತಿದ್ದಳು. ಆ ನೀರು ಚೆಲ್ಲಿದಳು, ಮತ್ತೆ ತುಂಬಿದಳು, ಅದನ್ನೂ ಚೆಲ್ಲಿದಳು. ಒಂದೊಂದು ಕುಡಿಯನ್ನು ಬೆರಳಲ್ಲಿ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. ಅವಳ ಬೆನ್ನು ನಮ್ಮ ಕಡೆ ಇತ್ತು. ಅಣ್ಣ ಅದನ್ನು ಕೊನೆಯವರೆಗೆ ನೋಡಿದ.

ಊಟಕ್ಕೆ ಕೂತೆವು. ಅಣ್ಣ ಎಲ್ಲರಿಗಿಂತ ಮೊದಲು ರೊಟ್ಟಿ ಮುರಿದು ಪಲ್ಲೆ ಹಚ್ಚಿಕೊಂಡು ತಿಂದ, ನುಂಗಿದ, ಅವ್ವನ ಮುಖ ನೋಡಿದ. ಆಮೇಲೆ ಅವ್ವ ತಿಂದಳು, ನಾನು ತಿಂದೆ. ಪಲ್ಲೆಯಲ್ಲಿ ಹುಳಿ ಇರಲಿಲ್ಲ.